ಮೌನವಾದ ಬಾನುಲಿ ಮತ್ತೆ ಮಾತನಾಡುವುದು ಹೇಗೆ?

ನಾರಾಯಣಪೇಟೆ, ಮಕ್ತಲ, ಗದ್ವಾಲ, ಈ ಮೂರು ಊರುಗಳಲ್ಲಿ ಎಲ್ಲಿಯೇ ಕುಳಿತು ರೇಡಿಯೋದ ಕಿವಿ ತಿರುವಿದರೂ ಒಂದು ಕಡೆಯಿಂದ ರಾಯಚೂರು, ಕಲಬುರಗಿಗಳ ಕನ್ನಡ, ಇನ್ನೊಂದು ಕಡೆಯಿಂದ ಹೈದರಾಬಾದಿನ ತೆಲುಗು ಮತ್ತು ಉರ್ದು ಕೇಳಿಬರುವುದು ನಮ್ಮ ಹಿರಿಯರಿಗೆಲ್ಲ ತಿಳಿದ ಸಂಗತಿ. ಗಡಿಯಲ್ಲಿ ಇರುವವರಿಗೆ ಇದೊಂದು ಭಾಗ್ಯವೇ ಸರಿ. ಕಲಬುರಗಿಯ ಆಕಾಶವಾಣಿ 1966ರಲ್ಲಿ ಆರಂಭವಾದ ಮೇಲೆ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಬೆಳಗಿನ ಚಹ ಅದರ ವಂದನೆಯೊಂದಿಗೇ ಆಗುತ್ತಿತ್ತು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕೃಷ್ಣಾ ಸ್ಟೇಷನ್ನಿನ ಆಚೆ ಈಚೆ ಇರುವ ಹಳ್ಳಿಗಳಲ್ಲಿ ಅರ್ಧ ಕನ್ನಡ ಅರ್ಧ ತೆಲುಗು ಬೆರೆಸಿ ಆಡುವ ಮಾತು, ಮೊಹರಮ್ಮಿನ ಪದ, ಬೀಸುವ ಕಲ್ಲಿನ ಪದ, ಮಗ್ಗದ ಮನೆಯ ಹರಟೆ, ಇವು ಯಾವ ಕೇಂದ್ರದಿಂದ ಕೇಳಿಬರಬೇಕು? ರಾಯಚೂರಿಗೆ ನಾವು ಆಚೆಯ ರಾಜ್ಯದವರು. ಹೈದರಾಬಾದಿಗೆ ನಾವು ದೂರದ ಮೂಲೆಯವರು. ದೊಡ್ಡ ಕೇಂದ್ರಗಳ ತಪ್ಪು ಇದರಲ್ಲಿ ಏನೂ ಇಲ್ಲ. ನೂರಾರು ಹಳ್ಳಿಗಳಿಗೆ ಒಂದೇ ಬಾಯಿಂದ ಮಾತನಾಡಬೇಕಾದವರು ಒಂದು ಹಳ್ಳಿಯ ಮಾತನ್ನು ಹೇಗೆ ಆಡಿಯಾರು?

ಈ ಕಾರಣದಿಂದಲೇ ಪ್ರಪಂಚದ ಅನೇಕ ಕಡೆ ಊರಿನವರೇ ನಡೆಸುವ ಸಣ್ಣ ಬಾನುಲಿಗಳು ಹುಟ್ಟಿಕೊಂಡಿವೆ. ಇವಕ್ಕೆ ಸಮುದಾಯ ಬಾನುಲಿ ಎಂದು ಹೆಸರು. ಇವು ಹುಟ್ಟುವುದೂ ಕಷ್ಟ, ಉಳಿಯುವುದೂ ಕಷ್ಟ. ಒಮ್ಮೆ ಕಾನೂನಿನಿಂದಲೋ ಯಂತ್ರದ ಕೆಡುಕಿನಿಂದಲೋ ಬಾಯಿ ಮುಚ್ಚಿದ ಮೇಲೆ ಮತ್ತೆ ಮಾತನಾಡುವುದು ಇನ್ನೂ ಕಷ್ಟ. ಹಾಗೆ ಮತ್ತೆ ಮಾತನಾಡಿದವರು ಏನು ಮಾಡಿದರು ಎಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಯುವಂತೆ ಇಲ್ಲಿ ಬರೆಯಲು ಯತ್ನಿಸಿದ್ದೇವೆ.

ಮೊದಲು ಸ್ವಲ್ಪ ವಿಜ್ಞಾನ. ಆಕಾಶವಾಣಿಯ ದೊಡ್ಡ ಕೇಂದ್ರಗಳು ಬಹುಕಾಲ ನೆಚ್ಚಿಕೊಂಡದ್ದು ಮಧ್ಯಮ ತರಂಗಗಳನ್ನು. ಈ ಅಲೆಗಳ ಉದ್ದ ನೂರಾರು ಮೀಟರು. ಅವು ನೆಲವನ್ನು ತಬ್ಬಿಕೊಂಡು ಬಹುದೂರ ಸಾಗುತ್ತವೆ. ರಾತ್ರಿಯ ಹೊತ್ತು ಆಕಾಶದ ಮೇಲ್ಪದರಕ್ಕೆ ತಾಗಿ ಹಿಂದಿರುಗಿ ಇನ್ನೂ ದೂರ ಬೀಳುತ್ತವೆ. ಆದುದರಿಂದಲೇ ಹಿಂದೆ ರಾತ್ರಿಯ ವೇಳೆ ನಮ್ಮೂರಿನ ಹಳೆಯ ರೇಡಿಯೋಗಳಲ್ಲಿ ಎಲ್ಲೆಲ್ಲಿಯ ಕೇಂದ್ರಗಳೋ ಬಂದು ಸೇರುತ್ತಿದ್ದವು. ಸಮುದಾಯ ಬಾನುಲಿಗೆ ಕೊಡುವುದು ಎಫ್.ಎಂ. ಅಲೆ. ಇದರ ಉದ್ದ ಮೂರು ಮೀಟರಿನ ಆಸುಪಾಸು. ಇದು ದೀಪದ ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಭೂಮಿಯು ದುಂಡಗಿರುವುದರಿಂದ ಸ್ವಲ್ಪ ದೂರ ಹೋದ ಮೇಲೆ ನೆಲವೇ ಅಡ್ಡವಾಗುತ್ತದೆ.

ಎಷ್ಟು ದೂರ? ಹತ್ತನೆಯ ತರಗತಿಯವರು ಪೈಥಾಗೊರಸನ ಪ್ರಮೇಯದಿಂದ ತಾವೇ ಲೆಕ್ಕ ಹಾಕಬಹುದು. ಭೂಮಿಯ ತ್ರಿಜ್ಯ ಸುಮಾರು 6370 ಕಿಲೋಮೀಟರು. ಕಂಬದ ಎತ್ತರ ಮೀಟರುಗಳಲ್ಲಿ ಎಷ್ಟಿದೆಯೋ ಅದರ ವರ್ಗಮೂಲ ತೆಗೆದು 3.57ರಿಂದ ಗುಣಿಸಿದರೆ ಕಂಬದ ತುದಿಯಿಂದ ದಿಗಂತ ಎಷ್ಟು ಕಿಲೋಮೀಟರು ದೂರ ಎಂದು ತಿಳಿಯುತ್ತದೆ. ನಮ್ಮ ದೇಶದ ಸಮುದಾಯ ಬಾನುಲಿಯ ನಿಯಮದಂತೆ ಕಂಬವು ಸಾಮಾನ್ಯವಾಗಿ 30 ಮೀಟರು ಮೀರಬಾರದು. 30ರ ವರ್ಗಮೂಲ ಸುಮಾರು 5.48; 3.57ರಿಂದ ಗುಣಿಸಿದರೆ ಸುಮಾರು 19.6. ಅಲೆಗಳು ಗಾಳಿಯಲ್ಲಿ ತುಸು ಬಾಗುವುದರಿಂದ ಇನ್ನೆರಡು ಮೂರು ಕಿಲೋಮೀಟರು ಹೆಚ್ಚು ಸಿಕ್ಕೀತು. ಆದರೆ ಯಂತ್ರದ ಬಲಕ್ಕೂ ಮಿತಿಯಿದೆ. ನಿಯಮವು ಒಪ್ಪಿದ್ದು 50 ವಾಟಿನ ಪ್ರಸಾರಯಂತ್ರ, ಅಂದರೆ ತಲೆಯ ಮೇಲೆ ತಿರುಗುವ ಫ್ಯಾನು ಬಳಸುವುದಕ್ಕಿಂತಲೂ ಕಡಿಮೆ ವಿದ್ಯುತ್ತು. ಕಂಬದ ತುದಿಯ ಆಂಟೆನಾ ಈ ಬಲವನ್ನು ಆಕಾಶಕ್ಕೂ ಪಾತಾಳಕ್ಕೂ ಚೆಲ್ಲದೆ ಸುತ್ತಲಿನ ಹಳ್ಳಿಗಳ ಕಡೆಗೇ ಹರಿಸುವುದರಿಂದ ಅದು 100 ವಾಟಿನಷ್ಟು ಪರಿಣಾಮ ಕೊಡುತ್ತದೆ. ಹೀಗಾಗಿ ಸಾಮಾನ್ಯ ಮನೆಯ ಸಾಮಾನ್ಯ ರೇಡಿಯೋಕ್ಕೆ ಚೆನ್ನಾಗಿ ಕೇಳುವುದು ಹತ್ತು ಹದಿನೈದು ಕಿಲೋಮೀಟರಿನ ಒಳಗೆ ಎಂದು ಹಿಡಿದುಕೊಳ್ಳಬಹುದು. ಮಕ್ತಲದಲ್ಲಿ ನೆಟ್ಟ ಕಂಬದ ಮಾತು ನಾರಾಯಣಪೇಟೆಗೆ ಮುಟ್ಟಲಾರದು. ಗದ್ವಾಲಕ್ಕಂತೂ ಇಲ್ಲವೇ ಇಲ್ಲ. ಕೆಲವರಿಗೆ ಇದು ಕೊರತೆಯಾಗಿ ಕಂಡೀತು. ನಮಗಾದರೋ ಇದೇ ಅದರ ಗುಣವೆಂದು ತೋರುತ್ತದೆ. ಸಂತೆಗೆ ಬಂದು ಸಂಜೆಗೆ ಮನೆ ಸೇರುವಷ್ಟು ದೂರದವರೇ ಇದರ ಕೇಳುಗರು. ಮಾತನಾಡಿದವರು ಯಾರು, ಅವರ ಮನೆತನ ಯಾವುದು ಎಂಬುದು ಕೇಳುಗರಿಗೆ ಗೊತ್ತಿರುತ್ತದೆ. ಸುಳ್ಳು ಹೇಳಿದರೆ ಮರುದಿನ ಬಾವಿಕಟ್ಟೆಯಲ್ಲಿ ಕೇಳುವವರಿದ್ದಾರೆ.

ಯಂತ್ರ ಇಷ್ಟು ಸಣ್ಣದಾದರೂ ನಮ್ಮ ದೇಶದಲ್ಲಿ ಊರಿನವರು ಅದನ್ನು ಬಹುಕಾಲ ಮುಟ್ಟುವಂತಿರಲಿಲ್ಲ. 1885ರ ತಂತಿ ಕಾಯಿದೆ, 1933ರ ನಿಸ್ತಂತು ಕಾಯಿದೆ, ಇವು ಬ್ರಿಟಿಷರ ಕಾಲದವು. ಇವುಗಳಂತೆ ಪರವಾನಗಿ ಇಲ್ಲದೆ ಪ್ರಸಾರಯಂತ್ರ ಇಟ್ಟುಕೊಳ್ಳುವುದೇ ಅಪರಾಧ. ಸ್ವಾತಂತ್ರ್ಯದ ನಂತರವೂ ದಶಕಗಟ್ಟಲೆ ಬಾನುಲಿ ಎಂದರೆ ಸರಕಾರದ ಸೊತ್ತು ಎಂಬ ಭಾವನೆಯೇ ನಡೆದುಬಂತು. 1995ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಮೊಕದ್ದಮೆ ಕ್ರಿಕೆಟ್ ಪಂದ್ಯದ ಪ್ರಸಾರಕ್ಕೆ ಸಂಬಂಧಿಸಿದ್ದು. ತೀರ್ಪಿನ ಫಲ ಮಾತ್ರ ಕ್ರಿಕೆಟ್ಟನ್ನು ದಾಟಿ ಬಹುದೂರ ಹೋಯಿತು. ಗಾಳಿಯಲ್ಲಿನ ಅಲೆಗಳು ಸಾರ್ವಜನಿಕರ ಆಸ್ತಿ, ಅವು ಸರಕಾರಕ್ಕಾಗಲಿ ಹಣವಂತರಿಗಾಗಲಿ ಮೀಸಲಲ್ಲ ಎಂಬುದು ಅದರ ಸಾರ. ಕೆರೆಯ ನೀರು ಊರಿನದು ಎಂಬ ಹಾಗೆ. ತೀರ್ಪು ಬರೆದ ನ್ಯಾಯಮೂರ್ತಿಗಳಲ್ಲಿ ಪಿ. ಬಿ. ಸಾವಂತರು ಒಬ್ಬರು. ಈ ಹೆಸರನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ತೀರ್ಪು ಬಂದ ಕೂಡಲೇ ಬಾಗಿಲು ತೆರೆಯಲಿಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ಸೇರಿದವರು ಊರಿಗೊಂದು ಬಾನುಲಿ ಬೇಕೆಂದು ಘೋಷಣೆ ಹೊರಡಿಸಿದರು. 2000ದಲ್ಲಿ ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿಯೂ ಅಂಥದೇ ಒಂದು ಒತ್ತಾಯ ಹೊರಟಿತು. 2002ರ ಕೊನೆಯಲ್ಲಿ ಸರಕಾರ ವಿದ್ಯಾಸಂಸ್ಥೆಗಳಿಗೆ ಮಾತ್ರ ಅನುಮತಿ ಕೊಡಲು ಒಪ್ಪಿತು. 2004ರ ಫೆಬ್ರವರಿಯಲ್ಲಿ ಮದ್ರಾಸಿನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಮೊದಲನೆಯದಾಗಿ ಆರಂಭವಾಯಿತು. ಹಳ್ಳಿಯವರ ಸಂಘ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ನವೆಂಬರಿನಲ್ಲಿ.

ಈ ನಡುವಿನ ವರ್ಷಗಳಲ್ಲಿ ಹಳ್ಳಿಯವರು ಸುಮ್ಮನೆ ಕೂತಿರಲಿಲ್ಲ. ಗದ್ವಾಲದಿಂದ ಅಲಂಪುರದ ಕಡೆ ಇಳಿದು ತುಂಗಭದ್ರೆ ದಾಟಿದರೆ ಕರ್ನೂಲು. ಅಲ್ಲಿಂದ ಸ್ವಲ್ಪ ಮುಂದೆ ಓರ್ವಕಲ್ಲು. ಅಲ್ಲಿನ ಉಳಿತಾಯ ಸಂಘಗಳ ಹೆಣ್ಣುಮಕ್ಕಳು 2002ರಲ್ಲಿ ‘ಮನ ರೇಡಿಯೋ’ ಎಂಬ ಪುಟ್ಟ ಕೇಂದ್ರ ನಡೆಸಿದರು. ಮನ ಎಂದರೆ ತೆಲುಗಿನಲ್ಲಿ ನಮ್ಮ. ಕೆಲವು ತಿಂಗಳು ನಡೆಯುವುದರೊಳಗೆ, 2003ರ ಆರಂಭದಲ್ಲಿ, ಪರವಾನಗಿ ಇಲ್ಲವೆಂದು ಅಧಿಕಾರಿಗಳು ಅದನ್ನು ಮುಚ್ಚಿಸಿದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಬೇರೊಂದು ಉಪಾಯ ನಡೆಯಿತು. ಗಾಳಿಯಲ್ಲಿ ಹೋಗುವುದಕ್ಕೆ ತಾನೇ ಪರವಾನಗಿ? ತಂತಿಯಲ್ಲಿ ಹೋದರಾಯಿತು! ಅವರ ‘ನಮ್ಮ ಧ್ವನಿ’ ಟಿ.ವಿ.ಯ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಮುಟ್ಟಿತು. ಹಳ್ಳಿಯವರ ಜಾಣ್ಮೆಗೆ ನಾವು ತಲೆದೂಗಬೇಕು.

ಈ ಎಲ್ಲದರಲ್ಲಿ ನಮಗೆ ಹೆಚ್ಚು ಹತ್ತಿರದ್ದೂ ಹೆಚ್ಚು ಕಲಿಸುವಂಥದ್ದೂ ಜಹೀರಾಬಾದಿನ ಕಡೆಯ ಸಂಗತಿ. ಜಹೀರಾಬಾದು ನಮ್ಮ ತೆಲಂಗಾಣದ್ದೇ. ಬೀದರಿನ ಗಡಿಗೆ ಹೊಂದಿಕೊಂಡಿದೆ. ನಮ್ಮಂತೆಯೇ ಅಲ್ಲಿಯೂ ಕನ್ನಡ, ತೆಲುಗು, ದಖನಿ ಒಂದೇ ಅಂಗಳದಲ್ಲಿ ಆಡುತ್ತವೆ. ಅಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಕೆಲಸ ಮಾಡುತ್ತ ಬಂದಿದೆ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು ಪಿ. ವಿ. ಸತೀಶ್. ಹೆಸರಿನ ಮೊದಲಕ್ಷರ ಪಿರಿಯಾಪಟ್ಟಣದ್ದು. ಅವರು ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು. 2023ರಲ್ಲಿ ತೀರಿಕೊಂಡರು. ಈ ಸಂಸ್ಥೆಗೆ ಮೊದಲು ಅವರು ದೂರದರ್ಶನದಲ್ಲಿದ್ದರು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ದೂರದರ್ಶನದ ದೊಡ್ಡ ಪ್ರಯೋಗದಲ್ಲಿ ಕೆಲಸ ಮಾಡಿದ್ದರು. ಆ ಪ್ರಯೋಗದಲ್ಲಿ ಕರ್ನಾಟಕ, ಆಂಧ್ರಗಳೂ ಸೇರಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆ ಬಂದಿತ್ತು. ಉಪಗ್ರಹ ಅಮೆರಿಕದ್ದು. 1976ರ ಜುಲೈ ಮುಗಿಯಿತು, ಎರವಲು ತಂದ ಉಪಗ್ರಹದ ಪ್ರಸಾರವೂ ಮುಗಿಯಿತು. ಮತ್ತೆ ಬೇಕು ಎಂದು ಹೇಳಲು ಆ ಹಳ್ಳಿಗಳ ಕೈಯಲ್ಲಿ ಏನೂ ಇರಲಿಲ್ಲ. ಹೊರಗಿನಿಂದ ಬಂದ ದನಿ ಹೊರಗಿನವರ ಇಚ್ಛೆಯಂತೆಯೇ ಹೋಗುತ್ತದೆ.

ಜಹೀರಾಬಾದಿನಲ್ಲಿ ಬೇರೆ ರೀತಿ ನಡೆಯಿತು. ಆ ಸಂಸ್ಥೆಯ ಹೆಣ್ಣುಮಕ್ಕಳ ಸಂಘಗಳಲ್ಲಿ ಹೆಚ್ಚಿನವರು ಬಡ ದಲಿತ ರೈತ ಮಹಿಳೆಯರು. ಜೋಳ, ಸಜ್ಜೆ, ನವಣೆ, ಸಾಮೆಗಳನ್ನು ಬೆರಕೆಯಾಗಿ ಬಿತ್ತುವವರು, ಬೀಜವನ್ನು ಬೇವಿನೆಲೆ, ಬೂದಿ ಬೆರೆಸಿ ಗಡಿಗೆ ಬುಟ್ಟಿಗಳಲ್ಲಿ ಕಾಪಾಡುವವರು. ಈ ಬೇಸಾಯದ ಮಾತು ದೊಡ್ಡ ಕೇಂದ್ರಗಳ ರೈತರ ಕಾರ್ಯಕ್ರಮಗಳಲ್ಲಿ ಅಷ್ಟಾಗಿ ಬರುತ್ತಿರಲಿಲ್ಲ. ಅಲ್ಲಿ ಗೊಬ್ಬರ, ಔಷಧಿ, ಹೊಸ ತಳಿಗಳದೇ ಮಾತು. ನಮಗೆ ನಮ್ಮದೇ ರೇಡಿಯೋ ಬೇಕು ಎಂದರು. 1990ರ ದಶಕದ ಕೊನೆಯಲ್ಲಿ ಯುನೆಸ್ಕೋದ ನೆರವಿನಿಂದ ಮಾಚನೂರು ಎಂಬ ಹಳ್ಳಿಯಲ್ಲಿ ಕಟ್ಟಡ ಎದ್ದಿತು, ಧ್ವನಿಮುದ್ರಣದ ಕೋಣೆ ಆಯಿತು, ಕಂಬವೂ ನಿಂತಿತು. ಎಲ್ಲ ಇತ್ತು, ಪರವಾನಗಿ ಒಂದು ಇರಲಿಲ್ಲ. ಹೆಚ್ಚುಕಡಿಮೆ ಹತ್ತು ವರ್ಷ ಆ ಕಂಬ ಮೂಕವಾಗಿ ನಿಂತಿತು.

ವಿದ್ಯಾರ್ಥಿಗಳೇ, ಈ ಹತ್ತು ವರ್ಷ ಅವರು ಏನು ಮಾಡಿದರು ಎಂಬುದೇ ಈ ಲೇಖನದ ತಿರುಳು. ಅವರು ಧ್ವನಿಮುದ್ರಣ ಮಾಡುವುದನ್ನು ನಿಲ್ಲಿಸಲಿಲ್ಲ. ಬಿತ್ತನೆಯ ಹಾಡು, ಮದುವೆಯ ಹಾಡು, ಗಿಡಮೂಲಿಕೆಯ ಮದ್ದು, ಸಂಘದ ವಾದವಿವಾದ, ಅಜ್ಜಿಯರು ಹೇಳಿದ ಕಥೆ, ಇವುಗಳನ್ನೆಲ್ಲ ಕ್ಯಾಸೆಟ್ಟುಗಳಲ್ಲಿ ತುಂಬಿದರು. ಗಾಳಿಯಲ್ಲಿ ಕಳಿಸುವಂತಿಲ್ಲವಲ್ಲ, ಸಂಘದ ಸಭೆ ಸೇರಿದಾಗ ಟೇಪ್‌ರೆಕಾರ್ಡರನ್ನು ನಡುವೆ ಇಟ್ಟು ಕೇಳಿಸಿದರು. ಕೇಳಿದವರು ಹೀಗಲ್ಲ ಹಾಗೆ ಎಂದರೆ ಮತ್ತೆ ಮುದ್ರಿಸಿದರು. ಕಸೂತಿ ಕಲಿಯುವ ಹುಡುಗಿ ಹಳೆಯ ಬಟ್ಟೆಯ ಮೇಲೆ ಕೈ ಪಳಗಿಸುವಂತೆ ಅವರು ಹತ್ತು ವರ್ಷ ಕೈ ಪಳಗಿಸಿದರು. ಪರವಾನಗಿ ಬಂದ ದಿನ ಅವರ ಬಳಿ ನೂರಾರು ಗಂಟೆಗಳ ಸಾಮಗ್ರಿ ಇತ್ತು, ಯಂತ್ರ ನಡೆಸಬಲ್ಲ ಕೈಗಳಿದ್ದವು, ಕೇಳುವ ರೂಢಿಯಿದ್ದ ಹಳ್ಳಿಗಳಿದ್ದವು. ಹೊಸ ಪೆಟ್ಟಿಗೆಯನ್ನು ತಂದಿಟ್ಟು ‘ಇನ್ನು ಏನು ಮಾತನಾಡೋಣ?’ ಎಂದು ಯೋಚಿಸುವ ಸ್ಥಿತಿ ಅವರಿಗೆ ಬರಲಿಲ್ಲ.

2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೋ’ 90.4 ಮೆಗಾಹರ್ಟ್ಸ್‌ನಲ್ಲಿ ಬಾಯಿ ತೆರೆಯಿತು. ಗ್ರಾಮೀಣ ಭಾರತದಲ್ಲಿ ಸ್ವಯಂಸೇವಾ ಸಂಸ್ಥೆಯೊಂದರ ಆಶ್ರಯದಲ್ಲಿ ಹುಟ್ಟಿದ ಸಮುದಾಯ ಬಾನುಲಿಗಳಲ್ಲಿ ಅದೇ ಮೊದಲನೆಯದು. ಉದ್ಘಾಟನೆಗೆ ಬಂದವರು ನ್ಯಾಯಮೂರ್ತಿ ಪಿ. ಬಿ. ಸಾವಂತರು! ಹದಿಮೂರು ವರ್ಷಗಳ ಹಿಂದೆ ತಾವು ಬರೆದ ಮಾತು ಒಂದು ಹಳ್ಳಿಯ ಕಂಬದ ತುದಿಯಲ್ಲಿ ನಿಜವಾದುದನ್ನು ನೋಡುವ ಅವಕಾಶ ಎಷ್ಟು ಜನ ನ್ಯಾಯಾಧೀಶರಿಗೆ ಸಿಕ್ಕೀತು? ಕೇಂದ್ರವನ್ನು ನಡೆಸಿದವರು ನರಸಮ್ಮ ಎಂಬ ಒಂದೇ ಹೆಸರಿನ ಇಬ್ಬರು ಹಳ್ಳಿಯ ಹೆಣ್ಣುಮಕ್ಕಳು. ಗುರುತಿಗಾಗಿ ಒಬ್ಬರಿಗೆ ಜನರಲ್ ನರಸಮ್ಮ ಎಂದೂ ಮತ್ತೊಬ್ಬರಿಗೆ ಆಲ್ಗೋಲೆ ನರಸಮ್ಮ ಎಂದೂ ಕರೆದರು. ಪ್ರಸಾರದ ಹೊತ್ತನ್ನು ಸಂಜೆಗೆ ಇಟ್ಟರು, ಹೊಲದ ಕೆಲಸ ಮುಗಿಸಿ ಒಲೆ ಹೊತ್ತಿಸಿದ ಮೇಲೆ ಕೇಳಲು ಬರುವಂತೆ. ಮಾತು ಅಲ್ಲಿಯ ಹಳ್ಳಿಯ ತೆಲುಗು, ಪತ್ರಿಕೆಯ ತೆಲುಗಲ್ಲ.

ಈ ಕೊನೆಯ ಸಂಗತಿಯ ಬಗ್ಗೆ ಕನ್ನಡ ಕಲಿಸುವವರಾದ ನಾವು ಒಂದು ಮಾತು ಹೇಳಲೇಬೇಕು. ‘ಹೋಗ್ಯಾನ’, ‘ಬಂದಾಳ’, ‘ಹಿಂಗ್ಯಾಕ’ ಎಂದು ಮಕ್ಕಳು ಪರೀಕ್ಷೆಯ ಉತ್ತರದಲ್ಲಿ ಬರೆದರೆ ಕೆಂಪು ಶಾಯಿಯಿಂದ ತಿದ್ದುತ್ತೇವೆ, ತಿದ್ದಬೇಕು ಕೂಡ. ಬರಹದ ಕನ್ನಡ ಎಲ್ಲ ಸೀಮೆಯವರಿಗೂ ಒಂದೇ ಆಗಿರಬೇಕಲ್ಲ. ಆದರೆ ಊರ ಬಾನುಲಿಯ ಮುಂದೆ ಕುಳಿತ ಅಜ್ಜಿಯನ್ನು ಹಾಗೆ ತಿದ್ದಹೊರಟರೆ ಆಕೆ ಮಾತನ್ನೇ ನಿಲ್ಲಿಸಿಬಿಡುತ್ತಾಳೆ. ಶಾಲೆಯ ಭಾಷೆಗೆ ಶಾಲೆಯಿದೆ, ಪುಸ್ತಕವಿದೆ, ಪರೀಕ್ಷೆಯಿದೆ. ಮನೆಯ ಮಾತಿಗೆ ಇರುವುದು ಮನೆ ಒಂದೇ. ಗಡಿಯ ಈಚೆಯ ನಮ್ಮ ಮಕ್ಕಳಿಗಂತೂ ಕಚೇರಿಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು, ಶಾಲೆಯಲ್ಲಿ ಪುಸ್ತಕದ ಕನ್ನಡ. ಅಜ್ಜಿಯ ಕನ್ನಡ ಕೇಳಿಬರುವ ಜಾಗ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಗದ್ವಾಲ, ಅಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. ನಕ್ಷೆಯ ಗೆರೆ ಬದಲಾದಂತೆ ಬಾಯಿಯ ಮಾತು ಒಂದೇ ದಿನದಲ್ಲಿ ಬದಲಾಗುವುದಿಲ್ಲ. ನಿಧಾನವಾಗಿ, ಗೊತ್ತಾಗದಂತೆ ಬದಲಾಗುತ್ತದೆ.

ಗೆರೆಯ ಮಾತು ಬಂದುದರಿಂದ ದೂರದ ಒಂದು ನಾಡಿನ ವಿಷಯವನ್ನೂ ಹೇಳಬೇಕು. ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿ ಮೋಹಾಕ್ ಎಂಬ ಮೂಲನಿವಾಸಿಗಳು ವಾಸವಾಗಿದ್ದಾರೆ. ಅವರ ನಾಡು ಮೊದಲು, ಗಡಿ ಆಮೇಲೆ. ಕೆನಡಾದಲ್ಲಿ ಒಂದು ಕಾಲಕ್ಕೆ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬಿಡಿಸಿ ವಸತಿಶಾಲೆಗಳಲ್ಲಿ ಇಟ್ಟು, ಮನೆಯ ಮಾತು ಆಡಿದರೆ ಶಿಕ್ಷಿಸುತ್ತಿದ್ದರು. ಆದುದರಿಂದ ಮೋಹಾಕ್ ಭಾಷೆಯನ್ನು ಆಡಬಲ್ಲವರು ಈಗ ಕೆಲವೇ ಸಾವಿರ. ಅವರಿಗೆ ಬಾನುಲಿ ಎಂದರೆ ಬರಿಯ ವಿನೋದವಲ್ಲ. ಆಕ್ವೆಸಾಸ್ನೆ ಎಂಬಲ್ಲಿ 1984ರಲ್ಲಿ ಅವರು ಕೇಂದ್ರವೊಂದನ್ನು ಆರಂಭಿಸಿದರು. ಅದರ ಕಟ್ಟಡ ಎರಡೂ ದೇಶಗಳ ಗಡಿರೇಖೆಯ ಮೇಲೆಯೇ ನಿಂತಿದೆ. ಒಂದು ಪಕ್ಕ ಕೆನಡಾ, ಇನ್ನೊಂದು ಪಕ್ಕ ಅಮೆರಿಕ. ಅನುಮತಿಯನ್ನು ಅವರು ಎರಡೂ ಸರಕಾರಗಳಿಂದ ಕೇಳದೆ ತಮ್ಮದೇ ಜನಾಂಗದ ಸಭೆಯಿಂದ ಪಡೆದರು. ಕೇಂದ್ರದ ಹೆಸರಿನ ಅಕ್ಷರಗಳಾದ ಸಿ, ಕೆ, ಓ, ಎನ್ ಇವನ್ನು ಕೂಡಿಸಿ ಓದಿದರೆ ಅವರ ಭಾಷೆಯ ‘ನಮಸ್ಕಾರ’ ಎಂಬ ಮಾತನ್ನು ಹೋಲುತ್ತದೆ.

ಮಾಂಟ್ರಿಯಲ್ ನಗರದ ಬಳಿಯ ಕಾನೆಸಟಾಕೆ ಎಂಬ ಇನ್ನೊಂದು ಮೋಹಾಕ್ ಊರಿನ ಕಥೆ ಬೇರೆ. 1990ರಲ್ಲಿ ಪಕ್ಕದ ಓಕಾ ಪಟ್ಟಣದವರು ತಮ್ಮ ಗಾಲ್ಫ್ ಮೈದಾನವನ್ನು ಮೋಹಾಕರ ಪೈನ್ ಮರಗಳ ತೋಪಿನವರೆಗೆ ಹಿಗ್ಗಿಸಲು ಹೊರಟರು. ಆ ತೋಪಿನಲ್ಲಿ ಇವರ ಹಿರಿಯರ ಸಮಾಧಿಗಳಿವೆ. ಜುಲೈ 11ರಿಂದ ಸೆಪ್ಟೆಂಬರ್ 26ರವರೆಗೆ, 78 ದಿನ, ಪೋಲೀಸರು, ಆಮೇಲೆ ಸೈನ್ಯ ಊರನ್ನು ಸುತ್ತುಗಟ್ಟಿದರು. ಊರಿನ ಸಣ್ಣ ಬಾನುಲಿ ಆ ದಿನಗಳಲ್ಲಿ ನಿಲ್ಲಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಕೇಂದ್ರದಲ್ಲಿಯೇ ಉಳಿದು ಒಳಗಿನ ಸ್ಥಿತಿಯನ್ನು ಹೊರಗೆ ತಿಳಿಸುತ್ತ ಬಂದರು. ಮುತ್ತಿಗೆಯಲ್ಲಿ ನಿಲ್ಲದ ಆ ಬಾನುಲಿ ಶಾಂತಿಯ ದಿನಗಳಲ್ಲಿ ಮೌನವಾಯಿತು. ಇದು ವಿಚಿತ್ರವೆನಿಸಿದರೂ ಸಹಜವೇ. ಕಷ್ಟ ಬಂದಾಗ ಕೈ ಜೋಡಿಸುವವರು ಬಹಳ. ದಿನವೂ ಬೆಳಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ವಿದ್ಯುತ್ತಿನ ಬಿಲ್ಲು ಕಟ್ಟುವವರು ಕೆಲವರು. ಊರಿನವರೇ ಮತ್ತೆ ಕಲೆತು ಆ ಕೇಂದ್ರವನ್ನು ಪುನಃ ಪ್ರಸಾರಕ್ಕೆ ತಂದರು.

ನಮ್ಮ ಕನ್ನಡದಲ್ಲಿಯೂ ಇಂಥದೊಂದು ಮೌನ, ಇಂಥದೊಂದು ಮರಳುವಿಕೆ ಇದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ 30 ವಾಟಿನ ಯಂತ್ರವಿಟ್ಟು ಪ್ರಸಾರ ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಇಡೀ ದೇಶದ ಬಾನುಲಿಗೆ ಇಂದು ಇರುವ ಹೆಸರು ಅಲ್ಲಿಯದು. ಆ ಯಂತ್ರದ ಬಲ ಈಗಿನ ಸಮುದಾಯ ಬಾನುಲಿಗಿಂತ ಕಡಿಮೆ ಎಂಬುದನ್ನು ಗಮನಿಸಿ. ಹಲವು ವರ್ಷ ತಮ್ಮ ಕೈಯಿಂದಲೂ ಊರವರ ನೆರವಿನಿಂದಲೂ ನಡೆಸಿದರು. 1942ರಲ್ಲಿ ಮೈಸೂರು ಸಂಸ್ಥಾನ, 1950ರಲ್ಲಿ ಭಾರತ ಸರಕಾರ ಅದನ್ನು ವಹಿಸಿಕೊಂಡವು. 1955ರಲ್ಲಿ ಕೇಂದ್ರವನ್ನು ಬೆಂಗಳೂರಿಗೆ ಸಾಗಿಸಲಾಯಿತು. ದೇಶಕ್ಕೆ ಹೆಸರು ಕೊಟ್ಟ ಊರಿನಲ್ಲಿಯೇ ಬಾನುಲಿ ಇಲ್ಲದಾಯಿತು! ಮೈಸೂರಿಗೆ ಕೇಂದ್ರ ಮರಳಿ ಬಂದದ್ದು 1974ರಲ್ಲಿ. ಹೈದರಾಬಾದಿನ ಕಡೆಗೆ ನೋಡಿದರೆ ನಿಜಾಮರ ಡೆಕ್ಕನ್ ರೇಡಿಯೋ 1935ರಲ್ಲಿಯೇ ಸರಕಾರದ್ದಾಗಿತ್ತು; ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡಗಳಲ್ಲಿಯೂ ಅದು ಕಾರ್ಯಕ್ರಮ ಕೊಡುತ್ತಿತ್ತು. ಅಂದರೆ ನಮ್ಮ ಸೀಮೆಯ ದಿಕ್ಕಿಗೆ ಹೈದರಾಬಾದಿನಿಂದ ಕನ್ನಡ ಹರಿದುಬಂದ ಕಾಲವೂ ಇತ್ತು.

ಇನ್ನು ನಿಂತುಹೋದ ಕೇಂದ್ರವನ್ನು ಎಬ್ಬಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡೋಣ. ಹೊರಗಿನಿಂದ ನೋಡುವವರು ಮೊದಲು ಕೇಳುವುದು ‘ಯಂತ್ರ ಸರಿಯಿದೆಯೇ?’ ಎಂದು. ಬಲ್ಲವರು ಮೊದಲು ನೋಡುವುದು ಕಾಗದ. ಪರವಾನಗಿಯ ಅವಧಿ ಮುಗಿದಿದ್ದರೆ ಯಂತ್ರ ಎಷ್ಟು ಚೆನ್ನಾಗಿದ್ದರೂ ಗುಂಡಿ ಒತ್ತುವಂತಿಲ್ಲ. ಓರ್ವಕಲ್ಲಿನಲ್ಲಿ ಆದದ್ದನ್ನು ಮೇಲೆ ನೋಡಿದೆವು. ಆಮೇಲೆ ಕಂಬ ಮತ್ತು ಕೇಬಲ್ಲು. ಪ್ರಸಾರಯಂತ್ರದಿಂದ ಆಂಟೆನಾದವರೆಗೆ ಹೋಗುವ ದಪ್ಪ ಕೇಬಲ್ಲಿನ ಜೋಡಣೆಗಳಲ್ಲಿ ಮಳೆಯ ನೀರು ಇಳಿದಿದ್ದರೆ, ಮೇಲಕ್ಕೆ ಹೋಗಬೇಕಾದ ಶಕ್ತಿಯಲ್ಲಿ ಒಂದು ಪಾಲು ಹಿಂದಕ್ಕೆ ತಿರುಗಿ ಯಂತ್ರವನ್ನೇ ಸುಡುತ್ತದೆ. ಬಾಯಿ ಕಟ್ಟಿಕೊಂಡ ಕಾಲುವೆಗೆ ನೀರು ಬಿಟ್ಟರೆ ಅದು ತಿರುಗಿ ನಮ್ಮ ಬದುವನ್ನೇ ಒಡೆಯುವುದಿಲ್ಲವೇ, ಹಾಗೆ. ಅದಕ್ಕಾಗಿ ಯಂತ್ರವನ್ನು ಒಮ್ಮೆಲೇ ಕಂಬಕ್ಕೆ ಜೋಡಿಸದೆ, ಮೊದಲು ಶಕ್ತಿಯನ್ನು ಬರಿಯ ಬಿಸಿಯಾಗಿ ನುಂಗುವ ಒಂದು ಪೆಟ್ಟಿಗೆಗೆ ಜೋಡಿಸಿ ಪರೀಕ್ಷಿಸುತ್ತಾರೆ. ಅಲೆ ತನಗೆ ಕೊಟ್ಟ ಜಾಗದಲ್ಲಿಯೇ ಇದೆಯೇ, ಪಕ್ಕದವರ ಜಾಗಕ್ಕೆ ಕಾಲು ಚಾಚಿದೆಯೇ ಎಂದು ಅಳೆಯುತ್ತಾರೆ. ಸಿಡಿಲಿನಿಂದ ಕಾಪಾಡುವ ತಾಮ್ರದ ಪಟ್ಟಿ ಭೂಮಿಗೆ ಸರಿಯಾಗಿ ಇಳಿದಿದೆಯೇ ಎಂದು ನೋಡುತ್ತಾರೆ. ನಮ್ಮ ಕಡೆ ಕರೆಂಟಿನ ಏರಿಳಿತ ಎಂಥದೆಂದು ಎಲ್ಲರಿಗೂ ಗೊತ್ತೇ ಇದೆ. ಅದಕ್ಕೊಂದು ತಡೆ, ಜೊತೆಗೆ ಬ್ಯಾಟರಿ, ಬೇಕೇ ಬೇಕು.

ಹಣದ ಮಾತು ಬೇಡವೆಂದರೂ ಬರುತ್ತದೆ. ಸಮುದಾಯ ಬಾನುಲಿ ಲಾಭಕ್ಕಾಗಿ ನಡೆಯುವಂತಿಲ್ಲ. ಜಾಹೀರಾತಿಗೆ ಗಂಟೆಗೆ ಇಂತಿಷ್ಟೇ ನಿಮಿಷವೆಂಬ ಮಿತಿಯಿದೆ. ಸ್ವಂತ ವಾರ್ತೆ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಮರುಪ್ರಸಾರ ಮಾಡಬಹುದು. ಸಂತೆಯ ಧಾರಣೆ, ಹವಾಮಾನ, ಪರೀಕ್ಷೆಯ ವಿಷಯ, ಜಾತ್ರೆಯ ಸುದ್ದಿ ಇವಕ್ಕೆ ಅಡ್ಡಿಯಿಲ್ಲ. ವಾರ್ತೆಯ ಮೇಲಿನ ಈ ನಿರ್ಬಂಧ ಅನಾವಶ್ಯಕವೆಂದು ನಮ್ಮ ಅಭಿಪ್ರಾಯ. ಊರ ಕೆರೆ ಒಡೆದರೆ ಅದನ್ನು ಊರ ಬಾನುಲಿ ಹೇಳದೆ ಮತ್ತಾರು ಹೇಳಬೇಕು?

ಆದರೆ ಕಾಗದ, ಕಂಬ, ಹಣ ಮೂರನ್ನೂ ಹೊಂದಿಸಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ: ಮೌನದ ವರ್ಷಗಳಲ್ಲಿ ದನಿಗಳು ಉಳಿದಿವೆಯೇ? ಪ್ರಸಾರಯಂತ್ರ ಕೆಟ್ಟರೆ ಇನ್ನೊಂದು ತರಬಹುದು. ಹಾಡುವ ಅಜ್ಜಿ ತೀರಿಕೊಂಡರೆ ಆ ಹಾಡನ್ನು ಯಾವ ಅಂಗಡಿಯಿಂದ ತರುವುದು? ಹಳೆಯ ಕ್ಯಾಸೆಟ್ಟುಗಳೂ ಚಿರಂಜೀವಿಗಳಲ್ಲ. ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ದನಿ ಮಸುಕಾಗುತ್ತದೆ. ನಿಮ್ಮ ಮನೆಯ ಅಟ್ಟದ ಮೇಲೆ ಮದುವೆಯ ಸೋಬಾನದ್ದೋ ಮೊಹರಮ್ಮಿನ ಪದಗಳದ್ದೋ ಹಳೆಯ ಕ್ಯಾಸೆಟ್ಟು ಇದ್ದರೆ ಈಗಲೇ ಕೆಳಗಿಳಿಸಿ ಬೇರೆಡೆಗೆ ನಕಲು ಮಾಡಿಸಿರಿ ಎಂದು ಪಾಲಕರಲ್ಲಿ ವಿನಂತಿ.

ಮಾಚನೂರಿನ ಹೆಣ್ಣುಮಕ್ಕಳು ಕಾದ ಹತ್ತು ವರ್ಷಗಳ ಕೆಲಸಕ್ಕೆ ಪರವಾನಗಿ ಬೇಕಾಗಿರಲಿಲ್ಲ, ನಮಗೂ ಬೇಕಿಲ್ಲ. ಧ್ವನಿಮುದ್ರಣ ಮಾಡುವುದಕ್ಕೂ, ಶಾಲೆಯ ಅಂಗಳದಲ್ಲಿ ಮೈಕಿನ ಮೂಲಕ ಅದನ್ನು ಕೇಳಿಸುವುದಕ್ಕೂ ದಿಲ್ಲಿಯ ಅಪ್ಪಣೆ ಬೇಡ. ಪಾಲಕರ ಕೈಯಲ್ಲಿರುವ ಮೊಬೈಲು ಅಂದಿನ ಅವರ ಟೇಪ್‌ರೆಕಾರ್ಡರಿಗಿಂತ ಒಳ್ಳೆಯ ಯಂತ್ರ. ಬರುವ ದಸರೆಯ ರಜೆಯಲ್ಲಿ ಎಂಟು, ಒಂಬತ್ತನೆಯ ತರಗತಿಯವರು ತಮ್ಮ ಮನೆಯ ಅಥವಾ ಓಣಿಯ ಒಬ್ಬ ಹಿರಿಯರಿಂದ ಒಂದು ಪದವನ್ನೋ ಕಥೆಯನ್ನೋ ಮುದ್ರಿಸಿಕೊಂಡು ಬರಬೇಕೆಂದು ನಾವು ಹೇಳುವವರಿದ್ದೇವೆ. ಗದ್ವಾಲದ ಕಡೆಯವರು, ನಾರಾಯಣಪೇಟೆಯ ನೇಕಾರರ ಮನೆಯ ಮಕ್ಕಳು ಮಗ್ಗದ ಮಾತುಗಳನ್ನು ತಂದರೆ ಇನ್ನೂ ಸಂತೋಷ. ಸೀರೆಯ ಅಂಚು, ಸೆರಗು, ಹಾಸು, ಹೊಕ್ಕು ಇವಕ್ಕೆ ನೇಕಾರರ ಬಾಯಲ್ಲಿ ಇರುವ ಎಷ್ಟೋ ಪದಗಳು ನಿಘಂಟಿನಲ್ಲಿ ಸಿಗುವುದಿಲ್ಲ.

ಮುದ್ರಿಸುವಾಗ ಕೆಲವು ಸಂಗತಿ ಗಮನದಲ್ಲಿರಲಿ. ಮೊದಲು ಹಿರಿಯರ ಒಪ್ಪಿಗೆ ಕೇಳಬೇಕು, ಇದನ್ನು ಶಾಲೆಯಲ್ಲಿ ಕೇಳಿಸುತ್ತೇವೆಂದು ಮುಂಚೆಯೇ ಹೇಳಬೇಕು. ಫ್ಯಾನು, ಟಿ.ವಿ. ನಿಲ್ಲಿಸಿ. ಮೊಬೈಲನ್ನು ಒಂದು ಗೇಣಿನ ದೂರದಲ್ಲಿ, ಮಡಿಸಿದ ಟವೆಲ್ಲಿನ ಮೇಲೆ ಇಡಿ. ಅಜ್ಜ ಅಜ್ಜಿ ನಡುವೆ ಮರೆತು ನಿಂತರೆ ಆತುರಪಟ್ಟು ಮಾತು ಎತ್ತಿಕೊಡಬೇಡಿ, ಅವರೇ ನೆನಪಿಸಿಕೊಳ್ಳಲಿ. ತೆಲುಗು ಬೆರೆತರೆ ಬೆರೆಯಲಿ. ಆರಂಭದಲ್ಲಿಯೇ ಅವರ ಹೆಸರು, ಹುಟ್ಟಿದ ಊರು, ಆ ಪದವನ್ನು ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ, ಆ ದಿನದ ತಾರೀಖನ್ನು ನೀವು ಹೇಳಿರಿ. ಗ್ರಂಥಾಲಯದ ಗಣಕಯಂತ್ರದಲ್ಲಿ ಇವುಗಳಿಗೆ ಒಂದು ಜಾಗ ಮಾಡಿದ್ದೇವೆ. ಪಕ್ಕದಲ್ಲಿ ಒಂದು ರಿಜಿಸ್ಟರೂ ಇದೆ. ತಂದವರು ಅದರಲ್ಲಿ ಕೈಬರಹದಲ್ಲಿ ಬರೆದು ಸಹಿ ಮಾಡಬೇಕು. ಶನಿವಾರದ ಪ್ರಾರ್ಥನೆಯ ನಂತರ ಹತ್ತು ನಿಮಿಷ ಅವುಗಳನ್ನು ಅಂಗಳದ ಮೈಕಿನಲ್ಲಿ ಕೇಳಿಸಲಾಗುವುದು.